ಅಂಕ

ಗಂಟೆ ಹೊಡೆದವನು ನಾನು.
ಇದನ್ನು ಮೊದಲು ಹೇಳಿಬಿಟ್ಟರೆ
ಮುಂದಿನದು ಹಗುರಾದೀತು ಅಂದುಕೊಂಡಿದ್ದೆ.
ಆಗಲಿಲ್ಲ.

ಬಸವಕಲ್ಯಾಣದ ಶಾದಿಮಹಲಿನಲ್ಲಿ
ಮದುವೆಯ ಮಂಟಪ ಸರಿಸಿ ರಿಂಗು ಕಟ್ಟಿದ್ದೆವು.
ಕಂಬಕ್ಕೆ ಹಿಂದಿನ ವಾರದ ಚೆಂಡುಹೂ
ದಾರದ ಸಮೇತ ಅಂಟಿಕೊಂಡೇ ಇತ್ತು.
ಗಂಟೆ ನಮ್ಮ ಶಾಲೆಯದು. ಕೇಳಿ ತಂದಿದ್ದೆ.

‘ನೀಲಿ ಮೂಲೆಯಲ್ಲಿ, ಅರವತ್ತೊಂದು ಕಿಲೋ,
ಸಸ್ತಾಪುರ ಬಂಗ್ಲಾದ
ವೈಜಿನಾಥ ಘಾಳೆಪ್ಪ ಮೇತ್ರೆ!’
ಲಾರಿಗಳ ತೊಟ್ಟಿ ಬೆಸೆಯುವ ಹುಡುಗ.
ಗ್ಯಾರೇಜಿನಲ್ಲಿ ಎಲ್ಲರಿಗೂ ಛೋಟು.
ಪೂರಾ ಹೆಸರು ಮೈಕಿನಲ್ಲಿ ಕೇಳಿ
ಹಿಂದಕ್ಕೆ ತಿರುಗಿ ನೋಡಿದ,
ಬೇರೆ ಯಾರೋ ಬಂದರೇನೋ ಎಂಬಂತೆ.

ಮೂರನೇ ಸುತ್ತು, ಹನ್ನೊಂದು ಸೆಕೆಂಡು ಬಾಕಿ.
ಕಿವಿಯ ಮೇಲೆ ಬಿದ್ದ ಆ ಏಟು
ನಾನು ಕಂಡದ್ದಲ್ಲ, ಕೇಳಿದ್ದು.
ಗಂಟೆಯವನ ಕಣ್ಣು ಗಡಿಯಾರದ ಮೇಲಿರಬೇಕು.
ಇತ್ತು.
ಹೊಡೆದೆ. ಅವನು ಸ್ಟೂಲಿನ ಮೇಲೆ ಕೂತ.
ಕೂತವನ ಕೈಯನ್ನೇ ಎತ್ತಿ
ಗೆದ್ದ ಎಂದು ಸಾರಿದರು.
ಬಿಟ್ಟಾಗ ಕೈ
ಒದ್ದೆ ಟಾವೆಲಿನ ಹಾಗೆ ಕೆಳಗಿಳಿಯಿತು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಮೂರು ದಿನ.

ಆಮೇಲೆ ಚಹಾದಂಗಡಿಯ ಬೆಂಚಿನಲ್ಲಿ ವಾದ.
ಮೌಲಾಲಿ ವಸ್ತಾದ ಅಂದ: ‘ನಮ್ಮ ತಾಲೀಮಿನಾಗ
ಕೆಮ್ಮಣ್ಣಿಗಿ ಎಣ್ಣಿ, ಮಜ್ಜಿಗಿ ಹಾಕಿ ಹದ ಮಾಡ್ತಿದ್ವಿ.
ಬಿದ್ದಾವನ್ನ ಮಣ್ಣು ಹಿಡೀತಿತ್ತು.
ನೀವು ಪ್ಲೈವುಡ್ ಹಾಸೀರಿ.’
ಅವನ ತಮ್ಮನ ಕತ್ತು ಮುರಿದದ್ದು
ಆ ಹದವಾದ ಮಣ್ಣಿನಲ್ಲೇ.
ಎಲ್ಲರಿಗೂ ಗೊತ್ತು. ಎಲ್ಲರೂ ಬಿಸ್ಕೀಟು ಅದ್ದಿದೆವು.

‘ಹೈವೇದಾಗ ದಿನಾ ಸಾಯ್ತಾರ,
ರೋಡ್ ಬಂದ್ ಮಾಡ್ತೀರೇನು?’ ಅಂದ ಟಿಕೆಟ್ ಮಾರಿದವ.
ಡಾಕ್ಟರು ಬಂದ್ ಮಾಡ್ರಿ ಅಂದರು, ಎದ್ದು ಹೋದರು,
ಚಹಾದ ದುಡ್ಡು ಕೊಟ್ಟು.
ಬಿರಾದಾರ ಮೇಡಂ ಇತಿಹಾಸ ತೆಗೆದರು:
ಇದೇ ಕಲ್ಯಾಣದಲ್ಲಿ ಅರಸರ ಕಣ್ಮುಂದೆ
ಅಂಕಕಾರರು ಇಬ್ಬರು ಇಳಿಯುತ್ತಿದ್ದರಂತೆ,
ಒಬ್ಬ ಏರಿ ಬರುತ್ತಿದ್ದನಂತೆ.
‘ಆವಾಗ ನೋಡಾವರಿಗೆ ಕುರ್ಚಿ ಇತ್ತೇನ್ರಿ?’
ಕೇಳಿದ ಚಹಾದ ಹುಡುಗ. ಯಾರೂ ಉತ್ತರಿಸಲಿಲ್ಲ.

ತ್ರಿಪುರಾಂತದ ಕೆರೆಯ ದಾರಿಗೆ ಒಂದು ವೀರಗಲ್ಲಿದೆ.
ಕೆಳಗಿನ ಪಟ್ಟಿಯಲ್ಲಿ ಕಾಳಗ,
ಮೇಲಿನದರಲ್ಲಿ ಚಾಮರದ ಹೆಣ್ಣುಗಳು
ಅವನನ್ನು ಎತ್ತಿ ಒಯ್ಯುತ್ತಿದ್ದಾರೆ,
ತುದಿಗೆ ಲಿಂಗ.
ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ
ಒಂದು ಬೆರಳಿನಷ್ಟು ಬೋಳು ಕಲ್ಲು.
ಶಿಲ್ಪಿ ಅಲ್ಲಿ ಏನೂ ಕಡೆದಿಲ್ಲ.
ಆ ಮೂರು ದಿನ ಅಲ್ಲಿದೆ.
ಮೂಗಿನ ನಳಿಗೆ, ಉಚ್ಚೆಯ ಚೀಲ,
ಕಾರಿಡಾರಿನಲ್ಲಿ ಕೂತ ಇಮಲಾಬಾಯಿಯ
ರೊಟ್ಟಿ ಕಟ್ಟಿದ ಬಟ್ಟೆ.

ಆಕೆ ವಾದಕ್ಕೆ ಬರಲಿಲ್ಲ.
ಮನೆಗೆ ಹೋದಾಗ ಗ್ಲೌಸಿನ ಜೋಡಿ ತಂದಿಟ್ಟಳು.
‘ಎರವಲು ತಂದಿದ್ದ. ಯಾರ್ವು ಅದಾವೋ ಅವ್ರಿಗಿ ಮುಟ್ಟಸ್ರಿ.’
ಆಮೇಲೆ, ಒಲೆಯ ಕಡೆ ನೋಡುತ್ತ:
‘ಗಂಟಿ ನಿಮ್ಮ ಕೈಯಾಗಿತ್ತಂತ.
ಜರಾ ಜಲ್ದಿ ಹೊಡೀಲಾಕ ಬರ್ತಿತ್ತೇನು?’
ಬರೋದಿಲ್ಲವ್ವಾ, ನಿಯಮ ಅದ, ಅಂದೆ.
‘ಹೌದು,’ ಅಂದಳು. ‘ನಿಯಮ ಇರ್ತದ.’

ಏಳನೆತ್ತಿಗೆ ನಾನಾರ್ಥ ಬರೆಸುತ್ತೇನೆ ನಾನು.
ಅಂಕ: ಕಾಳಗ. ನಾಟಕದ ಭಾಗ. ಪರೀಕ್ಷೆಯಲ್ಲಿ ಸಿಗುವುದು.
ತೊಡೆ, ಮಡಿಲು.
ಸ್ವಂತ ವಾಕ್ಯದಲ್ಲಿ ಬಳಸಿರಿ.
ವೈಜಿನಾಥನಿಗೆ ಕೊನೆಯ ಸುತ್ತಿನಲ್ಲಿ ಹತ್ತು ಅಂಕ.
ಉಮರ್ಗಾ ನಾಕಾ ದಾಟುವ ತನಕ
ಅವನ ತಲೆ ನನ್ನ —
ವಾಕ್ಯ ಮುಗಿಸಲು ಬರುತ್ತಿಲ್ಲ.

ಸೋಮವಾರ ಪ್ರಾರ್ಥನೆಗೆ ಅದೇ ಗಂಟೆ.
ಕೈಗೆ ಬರಲಿಲ್ಲ, ಒಬ್ಬ ಹುಡುಗನಿಗೆ ಕೊಟ್ಟೆ.
ಇನ್ನೂ ವೇಳೆ ಇತ್ತು,
ಖುಷಿಗೆ ಅವನು ಮೊದಲೇ ಹೊಡೆದುಬಿಟ್ಟ.
ಮಕ್ಕಳು ಆಟ ಬಿಟ್ಟು ಓಡಿ ಬಂದರು,
ಎಲ್ಲರೂ.
ನಾನು ಬೈಯಲಿಲ್ಲ.